ರೊಕ್ಕ ಎಲ್ಲಿಂದ ಬಂತು? ಕ್ಯಾಂಪಿನ ಹಳೆಯ ಕಟ್ಟಡಗಳ ಬಗ್ಗೆ ಒಂದು ಅಭ್ಯಾಸ

ಈ ಸಂಚಿಕೆಗೆ ಪುಣೆ ಕ್ಯಾಂಪಿನ ಹಳೆಯ ಕಟ್ಟಡಗಳ ಮೇಲೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಿತ್ರರು ಹೇಳಿ ಎರಡು ತಿಂಗಳಾಯಿತು. ನಾನು ಹೂಂ ಅಂದಿದ್ದೆ. ಸುಲಭದ ಕೆಲಸವೆಂದೇ ತಿಳಿದಿದ್ದೆ. ಕಟ್ಟಡದ ಹೆಸರು, ಕಟ್ಟಿದ ವರ್ಷ, ಕಟ್ಟಿಸಿದವರು ಯಾರು, ಶೈಲಿ ಯಾವುದು (ಗೊತ್ತಾಗದಿದ್ದರೆ 'ಗೋಥಿಕ್' ಅಂತ ಬರೆದರಾಯಿತು), ಹೀಗೆ ಹತ್ತು ಕಟ್ಟಡಕ್ಕೆ ಹತ್ತು ಪ್ಯಾರಾ. ಬರೆದೂ ಮುಗಿಸಿದ್ದೆ. ಅಷ್ಟರಲ್ಲಿ ಊರಿಂದ ನಮ್ಮಪ್ಪ ಬಂದರು.

ನಮ್ಮೂರು ನವಲಗುಂದದ ಕಡೆ. ಎರೆಭೂಮಿ. ಜೋಳ, ಕಡಲಿ, ಹತ್ತಿ. ಅಪ್ಪ ಪುಣೆಗೆ ಬಂದದ್ದು ಅದೇ ಮೊದಲು. ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದರು. ಭಾನುವಾರ ಅವರನ್ನು ಕ್ಯಾಂಪು ತೋರಿಸಲು ಕರಕೊಂಡು ಹೋದೆ. ನಾನು ಆಗಲೇ ಲೇಖನ ಬರೆದ ಪಂಡಿತ, ದಾರಿಯುದ್ದಕ್ಕೂ ಹೇಳುತ್ತ ಹೋದೆ. ಮೋಲೆದಿನಾ ರಸ್ತೆಯಲ್ಲಿ ಕೆಂಪು ಇಟ್ಟಿಗೆಯ ಆ ಎತ್ತರದ ಗೋಪುರದ ಮುಂದೆ ನಿಂತಾಗ, "ಇದು ಲಾಲ್ ದೇವಳ. ಯಹೂದ್ಯರ ಗುಡಿ. ಡೇವಿಡ್ ಸಸೂನ್ ಅನ್ನೋ ಸಾವಕಾರ ಕಟ್ಟಿಸಿದ್ದು. 1863ಕ್ಕೆ ಶುರು ಆಗಿ 1867ಕ್ಕ ಮುಗೀತು. ಗೋಪುರ 90 ಅಡಿ. ಗಡಿಯಾರ ಲಂಡನ್ನಿಂದ ತರಿಸಿದ್ದು" ಎಂದೆಲ್ಲ ಒಪ್ಪಿಸಿದೆ. ಅಪ್ಪ ಗೇಟಿನ ಹೊರಗೆ ನಿಂತು ತಲೆಯೆತ್ತಿ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು:

"ಕಟ್ಟಿಸಿದಾವ ಯಾರು ಹೇಳಿದಿ, ಯಾವಾಗ ಅಂತನೂ ಹೇಳಿದಿ. ಇಷ್ಟು ರೊಕ್ಕ ಅವಗ ಎಲ್ಲಿಂದ ಬಂತು, ಅದನ್ನ ಹೇಳಲಿಲ್ಲಲ್ಲ ತಮ್ಮಾ?"

ಉತ್ತರ ಬರಲಿಲ್ಲ. "ವ್ಯಾಪಾರ" ಅಂದೆ. "ಯಾತರದು?" ಅಂದರು. ನನಗೆ ಬಾಯಿ ಕಟ್ಟಿತು.

ಅಂದು ರಾತ್ರಿ ಹತ್ತು ಪ್ಯಾರಾ ಹರಿದು ಹಾಕಿ ಹೊಸದಾಗಿ ಓದಲು ಹಿಡಿದೆ. ಈ ಲೇಖನ ಅಪ್ಪನ ಪ್ರಶ್ನೆಗೆ ನನಗೆ ಸಿಕ್ಕಷ್ಟು ಉತ್ತರ. ಹೀಗಾಗಿ ಕ್ಯಾಂಪಿನ ಎಲ್ಲ ಕಟ್ಟಡಗಳೂ ಇದರಲ್ಲಿ ಬರುವುದಿಲ್ಲ. ವಾಚಕರು ಕ್ಷಮಿಸಬೇಕು.

ಮೊದಲು ಕ್ಯಾಂಪು ಹುಟ್ಟಿದ ಬಗೆ ನೋಡೋಣ. ಬೆಂಗಳೂರಿನಲ್ಲಿ ನಮ್ಮವರು ಕಂಟೋನ್ಮೆಂಟಿಗೆ ದಂಡು ಅನ್ನುತ್ತಾರಲ್ಲ, ಹಾಗೆಯೇ ಪುಣೆಯವರು ಇದನ್ನು ಲಷ್ಕರ್ ಅನ್ನುತ್ತಾರೆ. 1817ರ ನವೆಂಬರ್ 5ರಂದು ಖಡ್ಕಿಯಲ್ಲಿ ಪೇಶ್ವೆಯ ಸೈನ್ಯಕ್ಕೂ ಇಂಗ್ಲಿಷರ ಸೈನ್ಯಕ್ಕೂ ಯುದ್ಧವಾಯಿತು. ಅದೇ ತಿಂಗಳ 17ಕ್ಕೆ ಶನಿವಾರವಾಡೆಯ ಮೇಲೆ ಇಂಗ್ಲಿಷರ ಬಾವುಟ ಏರಿತು. ಗೆದ್ದವರು ಪೇಟೆಯೊಳಗೆ ಮನೆ ಮಾಡಲಿಲ್ಲ. ಊರಿನ ಪೂರ್ವಕ್ಕೆ ಬಯಲಿನಲ್ಲಿ ಡೇರೆ ಹೊಡೆದರು. ಡೇರೆಗಳ ಜಾಗದಲ್ಲಿ ಬರಾಕು, ಬರಾಕಿನ ಪಕ್ಕಕ್ಕೆ ಬಂಗಲೆ, ಬಂಗಲೆಗಳಿಗೆ ಸಾಮಾನು ಪೂರೈಸಲು ಸದರ್ ಬಜಾರು, ಹೀಗೆ ಊರು ಬೆಳೆಯಿತು. ಪಾರಸಿಗಳು, ಬೋಹ್ರಾಗಳು, ಗೋವಾದ ಕ್ರೈಸ್ತರು, ಯಹೂದ್ಯರು, ತೆಲುಗರು, ತಮಿಳರು, ಎಲ್ಲರೂ ಬಂದದ್ದು ಈ ದಂಡಿನ ಹಿಂದೆಯೇ.

ಗೋವಾದವರಲ್ಲಿ ಕೆಲವರು ಮಾತ್ರ ಮೊದಲೇ ಬಂದಿದ್ದರು. ಕ್ವಾರ್ಟರ್ ಗೇಟಿನ ಹತ್ತಿರದ ಸಿಟಿ ಚರ್ಚಿಗೆ ಜಾಗ ಸಿಕ್ಕದ್ದು 1792ರಲ್ಲಿ, ಅದೂ ಸವಾಯಿ ಮಾಧವರಾವ ಪೇಶ್ವೆಯಿಂದ. ಪೇಶ್ವೆಯ ದಂಡಿನಲ್ಲಿ ಚಾಕರಿಗಿದ್ದ ಕ್ಯಾಥೊಲಿಕ್ ಸಿಪಾಯಿಗಳಿಗೆ ಪ್ರಾರ್ಥನೆಗೆ ಸ್ಥಳ ಬೇಕಾಗಿತ್ತು. ಅಂದರೆ ಪುಣೆಯ ಹಳೆಯ ಇಗರ್ಜಿಗೆ ಭೂಮಿ ಕೊಟ್ಟವನು ಬ್ರಾಹ್ಮಣ ಪೇಶ್ವೆ. ಪರೀಕ್ಷೆಗೆ ಇದು ಬರುವುದಿಲ್ಲ, ಆದರೂ ನೆನಪಿಡಬೇಕಾದ ಮಾತು.

ಕ್ಯಾಂಪಿನದೇ ಆದ ಹಳೆಯ ಕಟ್ಟಡವೆಂದರೆ ಸೇಂಟ್ ಮೇರೀಸ್ ಚರ್ಚು. 1825ರಲ್ಲಿ ಕಲ್ಕತ್ತೆಯ ಬಿಷಪ್ ರೆಜಿನಾಲ್ಡ್ ಹೀಬರ್ ತಾನೇ ಬಂದು ಅದನ್ನು ಪ್ರತಿಷ್ಠೆ ಮಾಡಿದ. ಅದನ್ನು ನೋಡಿದರೆ ಅದು ಯಾರದೆಂದು ಯಾರೂ ಹೇಳಬೇಕಿಲ್ಲ. ದಪ್ಪ ಗೋಡೆ, ಅಗಲ ಹಜಾರ, ಸೈನಿಕರ ಸ್ಮರಣೆಯ ಫಲಕಗಳು. ಪಲ್ಟಣಿನ ಚರ್ಚು. ಸರ್ಕಾರದ ರೊಕ್ಕ, ಸರ್ಕಾರದ ಇಂಜಿನಿಯರು. ಅದರಲ್ಲಿ ಒಗಟಿಲ್ಲ.

ಒಗಟು ಇರುವುದು ಅದಾದ ನಲವತ್ತು ವರ್ಷಗಳ ಮೇಲೆ. ನಾನು ಹರಿದ ಹಾಳೆಗಳಿಂದ ವರ್ಷಗಳನ್ನಷ್ಟೇ ಆರಿಸಿ ಒಂದರ ಕೆಳಗೆ ಒಂದು ಬರೆದಾಗ ಬೆರಗಾಯಿತು. ಲಾಲ್ ದೇವಳಕ್ಕೆ ಕೈ ಹಚ್ಚಿದ್ದು 1863ರಲ್ಲಿ, ಮುಗಿದದ್ದು 1867ರಲ್ಲಿ. ಸ್ಟೇಶನ್ನಿನ ಹತ್ತಿರದ ಸಸೂನ್ ಆಸ್ಪತ್ರೆ? ಅದೂ 1863, ಅದೂ 1867. ಸೇಂಟ್ ಪಾಲ್ಸ್ ಚರ್ಚು? 1863, 1867. ನದಿಯಾಚೆ ಯೆರವಡೆಯ ಡೆಕ್ಕನ್ ಕಾಲೇಜಿಗೆ ಅಡಿಗಲ್ಲು 1864, ಪ್ರವೇಶ 1868. ಗಣೇಶಖಿಂಡದಲ್ಲಿ ಗವರ್ನರನ ಅರಮನೆ (ಈಗ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ) ಶುರುವಾದದ್ದು 1864, ಮುಗಿದದ್ದು 1871.

ನೋಡ್ರಿ, ಒಂದೂರಿನಲ್ಲಿ ಎರಡೇ ವರ್ಷದೊಳಗೆ ಇಷ್ಟು ದೊಡ್ಡ ಐದು ಕಟ್ಟಡಗಳಿಗೆ ಪಾಯ ಬೀಳಬೇಕಾದರೆ ಅದಕ್ಕೆ ಏನೋ ಕಾರಣ ಇರಲೇಬೇಕು. ನಮ್ಮೂರಲ್ಲಿ ಒಂದೇ ವರ್ಷ ಐದು ಮನೆ ಮೇಲ್ಮಾಳಿಗೆ ಎತ್ತಿದರೆ, ಆ ವರ್ಷ ಬೆಳೆಗೆ ಧಾರಣಿ ಸಿಕ್ಕಿದೆ ಅಂತ ದಾರಿ ಹೋಕನೂ ಹೇಳುತ್ತಾನೆ.

ಒಂದು ಕಾರಣ ರೈಲು. ಮುಂಬಯಿ ಕಡೆಯಿಂದ ಪುಣೆಗೆ ರೈಲು ಬಂದದ್ದು 1858ರಲ್ಲಿ. ಆದರೆ ನಡುವೆ ಬೋರಘಾಟ ಬಾಕಿ ಇತ್ತು, ಅಲ್ಲಿ ಇಳಿದು ಪಲ್ಲಕ್ಕಿಯಲ್ಲೋ ಕುದುರೆಯ ಮೇಲೋ ಘಟ್ಟ ದಾಟಬೇಕು. ಘಟ್ಟದ ರೈಲುದಾರಿ 1863ರಲ್ಲಿ ತೆರೆಯಿತು. ಮುಂಬಯಿಯಲ್ಲಿ ಮಳೆ ಹಿಡಿದ ಕೂಡಲೆ ಗವರ್ನರು, ಅವನ ಹಿಂದೆ ಕಾರಕೂನರು, ಅವರ ಹಿಂದೆ ಸಾವಕಾರರು ಪುಣೆಗೆ ಏರಿ ಬರುವುದು ಸುಲಭವಾಯಿತು. ಪುಣೆ ಮಳೆಗಾಲದ ರಾಜಧಾನಿಯಾಯಿತು. ಬಂದವರಿಗೆ ಮನೆ ಬೇಕು, ಗುಡಿ ಬೇಕು, ಆಸ್ಪತ್ರೆ ಬೇಕು.

ಬೇಕು ಅನ್ನುವುದು ಒಂದು, ರೊಕ್ಕ ಇರುವುದು ಇನ್ನೊಂದು. ರೊಕ್ಕದ ಕತೆಗೆ ಹೋಗುವ ಮುಂಚೆ ಸಸೂನರ ಬಗ್ಗೆ ಎರಡು ಮಾತು.

ಡೇವಿಡ್ ಸಸೂನ್ ಹುಟ್ಟಿದ್ದು 1792ರಲ್ಲಿ, ಬಾಗದಾದಿನಲ್ಲಿ. ಅಲ್ಲಿನ ಆಳುವವರ ಕಾಟ ತಾಳದೆ ಊರು ಬಿಟ್ಟು, ಬುಶೇರ್ ಬಂದರಿನ ಮೇಲೆ ಹಾದು 1830ರ ದಶಕದ ಮೊದಲಲ್ಲಿ ಮುಂಬಯಿಗೆ ಬಂದ. ಇಲ್ಲಿ ದೊಡ್ಡ ವ್ಯಾಪಾರಿಯಾದ. ಗಂಡುಮಕ್ಕಳನ್ನು ಚೀನಾಕ್ಕೆ, ಇಂಗ್ಲೆಂಡಿಗೆ ಕಳಿಸಿ ಅಂಗಡಿ ತೆರೆಸಿದ. ವ್ಯಾಪಾರ ಯಾತರದು? ಅಪ್ಪನ ಈ ಎರಡನೆಯ ಪ್ರಶ್ನೆಗೆ ಉತ್ತರ ಅಷ್ಟು ಸುಖದ್ದಲ್ಲ. ಮೊದಲನೆಯದು ಅಫೀಮು. ಮಾಳವದ ಅಫೀಮು ಮುಂಬಯಿ ಬಂದರಿನಿಂದ ಚೀನಾಕ್ಕೆ ಹೋಗುತ್ತಿತ್ತು, ಸಸೂನರು ಆ ವ್ಯಾಪಾರದ ಮುಂಚೂಣಿಯಲ್ಲಿದ್ದರು. ಎರಡನೆಯದು ಹತ್ತಿ ಮತ್ತು ಬಟ್ಟೆ. ಸಸೂನ್ ಆಸ್ಪತ್ರೆಯಲ್ಲಿ ವಾಸಿಯಾದ ಬಡವರೆಷ್ಟೋ, ಅಫೀಮಿನಿಂದ ಕೆಟ್ಟ ಚೀನಾದ ಮನೆಗಳೆಷ್ಟೋ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಬರುವುದಿಲ್ಲ, ಆದರೆ ಒಂದನ್ನು ಬರೆದು ಇನ್ನೊಂದನ್ನು ಬಿಡುವುದೂ ನನಗೆ ಸರಿ ಕಾಣಲಿಲ್ಲ.

ಕಟ್ಟಡದ ನಿಜವಾದ ಹೆಸರು ಓಹೆಲ್ ಡೇವಿಡ್. ಹೀಬ್ರೂ ಭಾಷೆಯಲ್ಲಿ ಓಹೆಲ್ ಅಂದರೆ ಡೇರೆ. ದಾವೀದನ ಡೇರೆ. ಡೇರೆಗಳಿಂದ ಹುಟ್ಟಿದ ಊರಿನಲ್ಲಿ ಈ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತದೆ! ಆದರೆ ಊರ ಮಂದಿ ಅದನ್ನು ಕರೆದದ್ದು ಕಣ್ಣಿಗೆ ಕಂಡಂತೆ: ಕೆಂಪಗಿದೆ, ದೇವರಿದ್ದಾನೆ, ಲಾಲ್ ದೇವಳ. ರಿಕ್ಷಾದವನಿಗೆ 'ಓಹೆಲ್ ಡೇವಿಡ್ ಸಿನಗಾಗ್' ಅಂದು ನೋಡ್ರಿ, ನಿಮ್ಮ ಮುಖವನ್ನೇ ನೋಡುತ್ತಾನೆ. ಇಸ್ರೇಲ್ ಬಿಟ್ಟರೆ ಏಷ್ಯಾದ ದೊಡ್ಡ ಸಿನಗಾಗುಗಳಲ್ಲಿ ಇದೂ ಒಂದೆಂದು ಹೇಳುತ್ತಾರೆ. ದೂರದಿಂದ ಯಾರಿಗಾದರೂ ಇದು ಇಂಗ್ಲಿಷರ ಚರ್ಚಿನಂತೆಯೇ ಕಾಣುತ್ತದೆ. ನಾನೂ ಮೊದಲ ವರ್ಷ ಪೂರ್ತಿ ಚರ್ಚೆಂದೇ ತಿಳಿದಿದ್ದೆ. ಅದಕ್ಕೆ ಕಾರಣವಿದೆ. ನಕ್ಷೆ ಹಾಕಿದವನು ಸೈನ್ಯದ ಇಂಜಿನಿಯರ್ ಹೆನ್ರಿ ಸೇಂಟ್ ಕ್ಲೇರ್ ವಿಲ್ಕಿನ್ಸ್. ಸಸೂನ್ ಆಸ್ಪತ್ರೆಯ ನಕ್ಷೆಯೂ ಅವನದೇ, ಡೆಕ್ಕನ್ ಕಾಲೇಜಿನದೂ ಅವನದೇ. ಅವನಿಗೆ ಬರುತ್ತಿದ್ದ ಕೈ ಅದು. ಅದನ್ನೇ ಯಹೂದ್ಯರಿಗೂ ಕೊಟ್ಟ, ವಿದ್ಯಾರ್ಥಿಗಳಿಗೂ ಕೊಟ್ಟ, ರೋಗಿಗಳಿಗೂ ಕೊಟ್ಟ. ಸುತ್ತಲಿನ ಕರಿಕಲ್ಲು, ಕೆಂಪು ಇಟ್ಟಿಗೆ, ಮೇಲೆ ಚೂಪಾದ ಕಮಾನು.

ಸಸೂನ್ ತಾನು ಕಟ್ಟಿಸಿದ ಗುಡಿ ಮುಗಿದದ್ದನ್ನು ನೋಡಲಿಲ್ಲ. 1864ರಲ್ಲಿ ಪುಣೆಯಲ್ಲಿಯೇ, ತನ್ನ ಬಂಗಲೆಯಲ್ಲಿ ತೀರಿಕೊಂಡ. ಸಮಾಧಿ ಗುಡಿಯ ಪಕ್ಕದಲ್ಲೇ ಇದೆ. (ಒಳಗೆ ಹೋಗಬೇಕೆನ್ನುವವರು ಮುಂಚಿತವಾಗಿ ಅನುಮತಿ ಪಡೆಯಬೇಕು. 2008ರ ಮುಂಬಯಿ ದಾಳಿ, 2010ರಲ್ಲಿ ಕೋರೆಗಾಂವ್ ಪಾರ್ಕಿನ ಬಾಂಬು, ಇವುಗಳಾದ ಮೇಲೆ ಕಾವಲು ಬಿಗಿ.)

ಇನ್ನು ರೊಕ್ಕದ ಮಾತು. ನಾನು ಗ್ರಂಥಾಲಯದಲ್ಲಿ ಮುಂಬಯಿ ಇಲಾಖೆಯ ಹಳೆಯ ಗ್ಯಾಝೆಟಿಯರುಗಳನ್ನು ತೆಗೆಸಿದೆ. ಪುಣೆಯ ಸಂಪುಟ 1885ರದು. ಅದನ್ನು ಓದಿದರೆ ಕಟ್ಟಡಗಳ ಉದ್ದ ಅಗಲ ಸಿಗುತ್ತದೆ, ಮನಸ್ಸಿನಲ್ಲಿದ್ದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಬೇಸರ ಬಂದು ಅದರ ಮಗ್ಗುಲಲ್ಲಿದ್ದ ಇನ್ನೊಂದು ಸಂಪುಟ ತೆರೆದೆ. ಅದು 1884ರ ಧಾರವಾಡದ ಸಂಪುಟ. ನಮ್ಮೂರ ಹೆಸರು ಬಂದಿದೆಯೋ ಎಂದು ಹುಡುಕಲು ಹೋದವನು ಹತ್ತಿಯ ಅಧ್ಯಾಯದಲ್ಲಿ ಸಿಕ್ಕಿಬಿದ್ದೆ. ಉತ್ತರ ಅಲ್ಲಿತ್ತು.

1861ರಲ್ಲಿ ಅಮೆರಿಕದಲ್ಲಿ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಹತ್ತಿತು. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಅಮೆರಿಕದ ದಕ್ಷಿಣದಿಂದ, ಅಲ್ಲಿನ ಗುಲಾಮರ ದುಡಿಮೆಯಿಂದ ಬರುತ್ತಿತ್ತು. ಉತ್ತರದವರು ಬಂದರುಗಳನ್ನು ಮುತ್ತಿ ಮುಚ್ಚಿದರು. ಗಿರಣಿಗಳು ನಿಂತವು. ಲಿವರ್‌ಪೂಲಿನ ಕಣ್ಣು ಮುಂಬಯಿಯ ಮೇಲೆ ಬಿತ್ತು. ಹತ್ತಿಯ ಧಾರಣಿ ಒಂದಕ್ಕೆ ಮೂರಾಯಿತು, ನಾಲ್ಕಾಯಿತು. ನಾಲ್ಕು ವರ್ಷ ಮುಂಬಯಿಯಲ್ಲಿ ರೊಕ್ಕದ ಮಳೆ ಹೊಡೆಯಿತು. ಬ್ಯಾಂಕುಗಳು, ಸಮುದ್ರ ತುಂಬುವ ಕಂಪನಿಗಳು, ಶೇರುಗಳು, ಎಲ್ಲ ಆ ನಾಲ್ಕು ವರ್ಷದ ಬೆಳೆ. ಆಗಿನ ಗವರ್ನರ್ ಬಾರ್ಟಲ್ ಫ್ರೀರ್ 1862ರಿಂದ 1867ರವರೆಗೆ ಇದ್ದವನು. ಮುಂಬಯಿಯ ಕೋಟೆ ಗೋಡೆ ಕೆಡವಿಸಿದವನೂ ಅವನೇ, ಗಣೇಶಖಿಂಡದ ಅರಮನೆ ಎಬ್ಬಿಸಿದವನೂ ಅವನೇ.

ಆ ಹತ್ತಿ ಎಲ್ಲಿಯದು? ಗುಜರಾತಿನದು, ಖಾನದೇಶದ್ದು, ವರ್‍ಹಾಡದ್ದು. ಅವುಗಳ ಜೊತೆಗೆ ಧಾರವಾಡದ್ದು. ಧಾರವಾಡದ ಹತ್ತಿಗೆ ಒಂದು ವಿಶೇಷವಿತ್ತು. 1840ರ ದಶಕದಲ್ಲಿಯೇ ಕಂಪನಿ ಸರ್ಕಾರ ಅಮೆರಿಕದಿಂದ ತೋಟಗಾರರನ್ನು ಕರೆಸಿ ಇಲ್ಲಿ ನ್ಯೂ ಆರ್ಲಿಯನ್ಸ್ ಬೀಜದ ಪ್ರಯೋಗ ಮಾಡಿಸಿತ್ತು. ಹುಬ್ಬಳ್ಳಿಯ ಹತ್ತಿರ ಕುಸುಗಲ್ಲಿನಲ್ಲಿ ಸರ್ಕಾರದ ಹೊಲವಿತ್ತು. ಬೇರೆ ಜಿಲ್ಲೆಗಳಲ್ಲಿ ಸೋತ ಆ ಬೀಜ ನಮ್ಮ ಎರೆಯಲ್ಲಿ ಹತ್ತಿತು. ಹೀಗೆ ಅಮೆರಿಕದ ಹತ್ತಿ ನಿಂತಾಗ 'ಧಾರವಾಡ ಅಮೆರಿಕನ್' ಎಂಬ ಹತ್ತಿ ಮುಂಬಯಿಯ ಪೇಟೆಯಲ್ಲಿ ತಯಾರಿತ್ತು. ಜವಾರಿ ಹತ್ತಿಯೂ ಇತ್ತು. ಪೇಟೆಯಲ್ಲಿ ಅದರ ಹೆಸರು 'ಕುಮಟಾ'. ಕುಮಟೆಯಲ್ಲಿ ಹತ್ತಿ ಎಲ್ಲಿ ಬೆಳೆಯುತ್ತದೆ ಅಂತ ಕೇಳಬೇಡಿ. ಧಾರವಾಡದ ಹತ್ತಿ ಎತ್ತಿನ ಮೇಲೆ, ಬಂಡಿಯ ಮೇಲೆ ಘಟ್ಟ ಇಳಿದು ಕುಮಟೆಯ ಬಂದರು ಸೇರಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದವನ ಊರು ಬಿಟ್ಟುಹೋಗಿ, ಹತ್ತಿಸಿದ ಬಂದರಿನ ಹೆಸರು ಉಳಿಯಿತು.

ಅರಳೆ ಬಿಡಿಸುವ ಬಗೆಯನ್ನೂ ಗ್ಯಾಝೆಟಿಯರು ವರ್ಣಿಸಿದೆ. ಚಪ್ಪಟೆ ಕಲ್ಲೊಂದು, ಅದರ ಮೇಲೆ ಹತ್ತಿ, ಹತ್ತಿಯ ಮೇಲೆ ಕಬ್ಬಿಣದ ಸಲಾಕೆ. ಹೆಣ್ಣುಮಗಳು ಸಣ್ಣ ಮಣೆಯ ಮೇಲೆ ಕೂತು ಎರಡೂ ಅಂಗಾಲುಗಳಿಂದ ಆ ಸಲಾಕೆಯನ್ನು ಮುಂದಕ್ಕೆ ಹಿಂದಕ್ಕೆ ಉರುಳಿಸುತ್ತಾಳೆ. ಬೀಜ ಮುಂದೆ ಬೀಳುತ್ತದೆ, ಅರಳೆ ಹಿಂದೆ ಉಳಿಯುತ್ತದೆ. ಜವಾರಿ ಹತ್ತಿಗೆ ಇದು ನಡೆಯುತ್ತಿತ್ತು. ಅಮೆರಿಕನ್ ಹತ್ತಿಯ ನಾರು ಬೀಜಕ್ಕೆ ಗಟ್ಟಿ ಹಿಡಿದಿರುವುದರಿಂದ ಅದಕ್ಕೆ ಗರಗಸದ ಹಲ್ಲಿನ ಜಿನ್ನೇ ಬೇಕು. ಧಾರಣಿ ಏರಿದಾಗ ಎರಡೂ ಹತ್ತಿಯನ್ನು ಕೂಡಿಸುವುದು, ಬೀಜ ಬೆರೆಸುವುದು, ತೂಕಕ್ಕೆ ನೀರು ಹೊಡೆಯುವುದು ಎಷ್ಟು ಹೆಚ್ಚಿತೆಂದರೆ ಮುಂಬಯಿ ಸರ್ಕಾರ 1863ರಲ್ಲಿ ಹತ್ತಿಯ ಮೋಸ ತಡೆಯಲೆಂದೇ ಒಂದು ಕಾಯದೆ ಮಾಡಿತು. (ಆ ವಿದ್ಯೆಯನ್ನು ನಮ್ಮ ಕಡೆಯವರು ಪೂರಾ ಮರೆತಿದ್ದಾರೆಂದು ನಾನು ಹೇಳಲಾರೆ.) ಕಾಯದೆಯ ವರ್ಷ ಗಮನಿಸಿದಿರಾ? 1863. ಲಾಲ್ ದೇವಳಕ್ಕೆ ಪಾಯ ತೋಡಿದ ವರ್ಷ.

ಕನ್ನಡ ವಿದ್ಯಾರ್ಥಿಗಳಾದ ನಾವು ಅವಶ್ಯ ತಿಳಿಯಬೇಕಾದ ಇನ್ನೊಂದು ಸಂಗತಿ ಇದೇ ಹತ್ತಿಗೆ ಗಂಟು ಬಿದ್ದಿದೆ. ಉತ್ತರ ಕನ್ನಡ ಜಿಲ್ಲೆ ಅಲ್ಲಿಯವರೆಗೆ ಮದರಾಸು ಇಲಾಖೆಯಲ್ಲಿತ್ತು. ಧಾರವಾಡದ ಹತ್ತಿ ಒಂದು ಇಲಾಖೆಯಲ್ಲಿ ಬೆಳೆದು ಇನ್ನೊಂದು ಇಲಾಖೆಯ ಬಂದರಿಗೆ ಹೋಗಬೇಕು. ರಸ್ತೆ ಯಾರು ಮಾಡಬೇಕು, ಬಂದರು ಯಾರು ಕಟ್ಟಬೇಕು ಎಂಬ ತಕರಾರು. ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸಬೇಕೆಂದು ಒತ್ತಾಯ ಹಾಕಿದರು. ಕಡೆಗೆ 1862ರಲ್ಲಿ ಜಿಲ್ಲೆಯನ್ನೇ ಎತ್ತಿ ಮುಂಬಯಿ ಇಲಾಖೆಗೆ ಸೇರಿಸಿದರು. ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ಉಳಿಯಿತು. ಎರಡೂ ಮತ್ತೆ ಒಂದು ರಾಜ್ಯದಲ್ಲಿ ಕೂಡಿದ್ದು 1956ರ ಏಕೀಕರಣದಲ್ಲಿ. ನಡುವಿನ ತೊಂಬತ್ತನಾಲ್ಕು ವರ್ಷ ಕಾರವಾರದವರು ಮುಂಬಯಿಗೆ, ಮಂಗಳೂರಿನವರು ಮದರಾಸಿಗೆ ಅರ್ಜಿ ಬರೆಯುತ್ತಿದ್ದರು. ಏಕೀಕರಣದ ಭಾಷಣಗಳಲ್ಲಿ ಕನ್ನಡ ನಾಡು ಹರಿದು ಹಂಚಿಹೋಗಿತ್ತು ಎಂದು ಕೇಳಿದ್ದೇವೆ. ಆ ಹರಕಿನ ಒಂದು ದಾರ ಹತ್ತಿಯದು ಎಂಬುದು ನನಗಂತೂ ಹೊಸತಾಗಿತ್ತು.

ಇಲ್ಲಿ ಎಚ್ಚರದ ಮಾತೊಂದು ಹೇಳಬೇಕು. ನಮ್ಮೂರ ಹತ್ತಿಯ ರೊಕ್ಕದಿಂದಲೇ ಲಾಲ್ ದೇವಳ ಎದ್ದಿತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದು ಅಭಿಮಾನವಾದೀತು, ಇತಿಹಾಸವಾಗಲಾರದು. ಸಸೂನನ ತಿಜೋರಿಯ ರೂಪಾಯಿಗಳ ಮೇಲೆ ಊರ ಹೆಸರು ಬರೆದಿರಲಿಲ್ಲ. ಅಫೀಮಿನ ರೂಪಾಯಿ ಯಾವುದು, ಹತ್ತಿಯದು ಯಾವುದು ಎಂದು ಬೇರೆ ಮಾಡಲು ಬರುವುದಿಲ್ಲ. ಡೆಕ್ಕನ್ ಕಾಲೇಜಿಗೆ ದಾನ ಬಂದದ್ದು ಪಾರಸಿಗಳಾದ ಜಮಶೇಟಜಿ ಜೀಜಿಭಾಯಿಯವರಿಂದ, ಆ ಮನೆತನದ ಸಂಪತ್ತೂ ಮೊದಲಿಂದ ಚೀನಾ ವ್ಯಾಪಾರದ್ದು. ನಾನು ಹೇಳುವುದು ಇಷ್ಟೇ: ಆ ವರ್ಷಗಳಲ್ಲಿ ಇಡೀ ಮುಂಬಯಿ ಇಲಾಖೆಯ ಕೈಯಲ್ಲಿ ರೊಕ್ಕ ಆಡುತ್ತಿದ್ದುದು ಹತ್ತಿಯಿಂದ, ಆ ಹತ್ತಿಯಲ್ಲಿ ನಮ್ಮ ಎರೆಯ ಪಾಲಿತ್ತು, ಅದೇ ವರ್ಷಗಳಲ್ಲಿ ಈ ಕಟ್ಟಡಗಳು ಎದ್ದವು. ನಾವು ಧಾರವಾಡ, ಗದಗ, ಬಾಗಲಕೋಟೆಯಿಂದ ಬಂದು ಕ್ಯಾಂಪಿನಲ್ಲಿ ಪರದೇಶಿಗಳ ಹಾಗೆ ತಿರುಗುತ್ತೇವಲ್ಲ, ಅಷ್ಟೇನೂ ಪರದೇಶಿಗಳಲ್ಲ.

ಬೆಲೆ ಏರಿದಾಗ ರೈತನಿಗೂ ಸಿಕ್ಕಿತೇ? ಸಿಕ್ಕಿತು, ಕೆಲವರಿಗೆ, ಕೆಲವು ಕಾಲ. ಹತ್ತಿ ಸೀಮೆಗಳಲ್ಲಿ ಬಂಡಿಯ ಗಾಲಿಗೆ ಬೆಳ್ಳಿಯ ಪಟ್ಟಿ ಹೊಡೆಸಿದರೆಂಬ ಮಾತು ಆ ಕಾಲದ ಸಾಹೇಬರ ಬರಹಗಳಲ್ಲಿ ಬರುತ್ತದೆ. ಬೆಳ್ಳಿಯ ಪಟ್ಟಿಯ ಬಂಡಿಯನ್ನು ನಮ್ಮ ಊರ ಕಡೆ ಯಾರೂ ಕಂಡಂತೆ ಕೇಳಿಲ್ಲ. ಸಾಲ ಮಾತ್ರ ಎಲ್ಲರೂ ಕಂಡಿದ್ದಾರೆ. 1865ರ ಏಪ್ರಿಲಿನಲ್ಲಿ ಅಮೆರಿಕದ ಯುದ್ಧ ನಿಂತಿತು. ಧಾರಣಿ ಕುಸಿಯಿತು. ಜುಲೈ 1ರಂದು ಮುಂಬಯಿಯಲ್ಲಿ ವಾಯಿದೆ ವ್ಯವಹಾರಗಳ ಲೆಕ್ಕ ಚುಕ್ತಾ ಮಾಡುವ ದಿನ. ಅಂದು ದೊಡ್ಡ ದೊಡ್ಡ ಪೇಢಿಗಳು ಕೈ ಎತ್ತಿದವು. ಬ್ಯಾಂಕ್ ಆಫ್ ಬಾಂಬೆ ಕೂಡ ಕೆಲವು ವರ್ಷದಲ್ಲಿ ಮುಳುಗಿತು. ಧಾರಣಿ ಇದ್ದಾಗ ಸಾಲ ಕೊಡಲು ತಾನಾಗಿ ಬರುತ್ತಿದ್ದ ಸಾವಕಾರ ಈಗ ವಸೂಲಿಗೆ ಬಂದ. ಕಂದಾಯವೂ ಏರಿತು. ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ 1875ರ ಮೇ 12ರಂದು ರೈತರು ಸಾವಕಾರರ ಮನೆಗೆ ನುಗ್ಗಿ ಸಾಲದ ಪತ್ರಗಳನ್ನು ಸುಟ್ಟರು. ಅದು ಅಹಮದನಗರ ಜಿಲ್ಲೆಗೂ ಹಬ್ಬಿತು. ಇತಿಹಾಸದಲ್ಲಿ 'ದಖ್ಖನದ ದಂಗೆ' ಎಂದು ಓದುತ್ತೇವೆ. ಮರುವರ್ಷ ಮಳೆ ಹೋಯಿತು. 1876ರಿಂದ 78ರ ಬರದಲ್ಲಿ ಧಾರವಾಡ, ಕಲಾದಗಿ ಜಿಲ್ಲೆಗಳು ಬೆಂದುಹೋದವು.

ಧಾರಣಿ ಕುಸಿದ ಹೊತ್ತಿನಲ್ಲಿ ಗಣೇಶಖಿಂಡದ ಅರಮನೆ ಏಳುತ್ತಲೇ ಇತ್ತು. ಖರ್ಚು 1,75,000 ಪೌಂಡು, ಅಂದಿನ ಲೆಕ್ಕದಲ್ಲಿ ಹದಿನೇಳೂವರೆ ಲಕ್ಷ ರೂಪಾಯಿ. ಮುಂಬಯಿ ದಿವಾಳಿಯಾಗಿ ಕೂತಾಗ ಗವರ್ನರನಿಗೆ ಇಷ್ಟು ದೊಡ್ಡ ಮನೆ ಯಾಕೆಂದು ಇಂಗ್ಲಿಷರೇ ಟೀಕಿಸಿದರು.

ಆಮೇಲೆ ಬಂದ ಕಟ್ಟಡಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕೌನ್ಸಿಲ್ ಹಾಲ್ 1870ರದು, ಮಳೆಗಾಲದ ರಾಜಧಾನಿಯ ಸಭೆಗೆ. ಈಸ್ಟ್ ಸ್ಟ್ರೀಟಿನ ಆಲ್ಬರ್ಟ್ ಎಡ್ವರ್ಡ್ ಗ್ರಂಥಾಲಯ ಹುಟ್ಟಿದ್ದು ಇಂಗ್ಲೆಂಡಿನ ಯುವರಾಜ ಭಾರತಕ್ಕೆ ಬಂದ 1875ರಲ್ಲಿ. ಈ ಈಸ್ಟ್ ಸ್ಟ್ರೀಟಿಗೆ ಸರ್ಕಾರಿ ಹೆಸರು ಜನರಲ್ ತಿಮ್ಮಯ್ಯ ರಸ್ತೆ. ನಮ್ಮ ಕೊಡಗಿನ ತಿಮ್ಮಯ್ಯನವರು ಪುಣೆಯಲ್ಲಿರುವ ದಕ್ಷಿಣ ಕಮಾಂಡಿನ ಮುಖ್ಯಸ್ಥರಾಗಿದ್ದು, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ನಾವು ಆ ರಸ್ತೆಯಲ್ಲಿ ಎಷ್ಟು ಸಲ ಚಹಾ ಕುಡಿದಿಲ್ಲ! ಹೆಸರಿನ ಫಲಕ ಓದಿದವರೆಷ್ಟು? ಇದೇ ಭಾಗದ ಕ್ಯಾಪಿಟಲ್ ಸಿನೆಮಾ ಮಂದಿರದಲ್ಲಿ 1943ರ ಜನವರಿ 24ರಂದು, ಕ್ವಿಟ್ ಇಂಡಿಯಾ ಚಳವಳಿಯ ತರುಣರು ಇಟ್ಟ ಬಾಂಬು ಸಿಡಿಯಿತು. ಸೈನಿಕರು ಸಿನೆಮಾ ನೋಡುವ ಜಾಗವದು. ಅದರದೇ ಒಂದು ಲೇಖನವಾದೀತು, ಯಾರಾದರೂ ಬರೆಯಲಿ.

ಶಿವಾಜಿ ಮಾರ್ಕೆಟ್ಟಿನ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. 1880ರ ದಶಕದ ಕಟ್ಟಡ, ರಾಣಿಯ ಮಗ ಡ್ಯೂಕ್ ಆಫ್ ಕನಾಟನ ಹೆಸರಿನಲ್ಲಿ ಕನಾಟ್ ಮಾರ್ಕೆಟ್ ಎಂದಿತ್ತು. ಮೇಲೆ ಗೋಪುರ, ಚೂಪು ಕಮಾನು, ಕಮಾನಿನ ಕೆಳಗೆ ಬದನೆಕಾಯಿ, ಕೋಳಿ, ಮೀನು. ನನಗೆ ಕ್ಯಾಂಪಿನಲ್ಲಿ ಬಹಳ ಸೇರುವ ಕಟ್ಟಡ ಇದೇ. ಚರ್ಚಿಗೆ ಹಾಕುವ ಕಮಾನನ್ನು ಸೊಪ್ಪು ಮಾರುವ ಬಾಯಿಯ ತಲೆಯ ಮೇಲೂ ಹಾಕಿದ್ದಾರೆ. 2021ರ ಮಾರ್ಚಿನಲ್ಲಿ ಒಂದು ನಸುಕಿನಲ್ಲಿ ಬೆಂಕಿ ಬಿದ್ದು ಮಾಂಸ, ಮೀನಿನ ಭಾಗದ ಅಂಗಡಿಗಳು ಸುಟ್ಟವು. ಅದೇ ತಿಂಗಳು ಹತ್ತಿರದ ಫ್ಯಾಶನ್ ಸ್ಟ್ರೀಟ್ ಕೂಡ ಸುಟ್ಟುಹೋಯಿತು. ಕಲ್ಲಿನ ಕಟ್ಟಡ ನೂರು ವರ್ಷ ನಿಲ್ಲುತ್ತದೆ ಎಂಬ ಭರವಸೆಯಲ್ಲಿ ನಾವು ಇರುತ್ತೇವೆ. ಕಲ್ಲು ನಿಲ್ಲುತ್ತದೆ, ಮಾಡಿನ ಮರ ನಿಲ್ಲುವುದಿಲ್ಲ.

ಡೆಕ್ಕನ್ ಕಾಲೇಜಿನ ಬಗ್ಗೆ ಬಿಟ್ಟ ಒಂದು ಮಾತು. 1934ರಲ್ಲಿ ಮುಚ್ಚಿದ ಆ ಕಾಲೇಜು 1939ರಲ್ಲಿ ಸಂಶೋಧನ ಸಂಸ್ಥೆಯಾಗಿ ತೆರೆಯಿತು. ಭಾಷಾವಿಜ್ಞಾನಕ್ಕೆ ಹೆಸರಾಯಿತು. ವಿಲಿಯಂ ಬ್ರೈಟ್ ಆಡುಗನ್ನಡದ ಮೇಲೆ ಬರೆದ ಪುಸ್ತಕ 1958ರಲ್ಲಿ ಪ್ರಕಟವಾದದ್ದು ಅಲ್ಲಿಂದಲೇ, ಡಿ. ಎನ್. ಶಂಕರ ಭಟ್ಟರು ತುಳುವಿನ ಮೇಲೆ ಬರೆದದ್ದು 1967ರಲ್ಲಿ ಬಂದದ್ದೂ ಅಲ್ಲಿಂದಲೇ. ವಿಲ್ಕಿನ್ಸನ ಕಮಾನುಗಳ ಕೆಳಗೆ ಕೂತು ಮಂದಿ "ಹೋಗತೀನಿ", "ಹೋಗ್ತೀನಿ"ಗಳ ವ್ಯತ್ಯಾಸ ಬರೆದುಕೊಂಡಿದ್ದಾರೆ ಎಂದು ನೆನೆದರೆ ಖುಷಿಯಾಗುತ್ತದೆ.

ಈ ಲೇಖನದ ಜೊತೆ ಕ್ಯಾಂಪಿನ ಒಂದು ನಕಾಶೆ ಹಾಕಬೇಕೆಂದಿದ್ದೆ. ಎರಡು ಸಲ ಗೆರೆ ಎಳೆಯುವಾಗ ಸ್ಟೆನ್ಸಿಲ್ ಹರಿಯಿತು, ಮೂರನೆಯದಕ್ಕೆ ಸಂಪಾದಕರು ಕೈ ಮುಗಿದರು. ನೋಡಬೇಕೆನ್ನುವವರು ಸ್ಟೇಶನ್ನಿನಿಂದ ನಡೆಯಲು ಶುರುಮಾಡಿ: ಸಸೂನ್ ಆಸ್ಪತ್ರೆ, ಸೇಂಟ್ ಪಾಲ್ಸ್, ಕೌನ್ಸಿಲ್ ಹಾಲ್, ಲಾಲ್ ದೇವಳ, ಈಸ್ಟ್ ಸ್ಟ್ರೀಟ್, ಶಿವಾಜಿ ಮಾರ್ಕೆಟ್. ಒಂದು ಮುಂಜಾನೆಗೆ ಸಾಕು. ಸಸೂನಿನ ಮುಂದೆ ಹೋದಾಗ, 1924ರ ಜನವರಿ 12ರಂದು ಯೆರವಡೆ ಜೈಲಿನಿಂದ ಗಾಂಧೀಜಿಯವರನ್ನು ತಂದು ಅಪೆಂಡಿಸೈಟಿಸ್ ಶಸ್ತ್ರಕ್ರಿಯೆ ಮಾಡಿದ್ದು ಇಲ್ಲೇ, ನಡುವೆ ವಿದ್ಯುತ್ ಹೋಗಿ ಕಂದೀಲಿನ ಬೆಳಕಿನಲ್ಲಿ ಮುಗಿಸಿದರು ಎಂದು ಜೊತೆಯವರಿಗೆ ಹೇಳಿ.

ದೀಪಾವಳಿ ರಜೆಗೆ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅಫೀಮಿನ ಮಾತಿಗೆ ಮುಖ ಸಿಂಡರಿಸಿದರು. ಹತ್ತಿಯ ಮಾತಿಗೆ ಸುಮ್ಮನೆ ಕೇಳಿದರು. ಅಂಗಾಲಿನಿಂದ ಸಲಾಕೆ ಉರುಳಿಸುವ ಭಾಗ ಬಂದಾಗ, "ತಡಿ" ಅಂದು ಎದ್ದು ಹೋದರು. ದನದ ಕೊಟ್ಟಿಗೆಯ ಬಾಗಿಲಿಗೆ ಅಗಳಿಯಾಗಿ ಹಾಕುತ್ತಿದ್ದ ಕಬ್ಬಿಣವನ್ನು ತಂದು ನನ್ನ ಮುಂದೆ ಇಟ್ಟರು. "ನಮ್ಮ ಅಜ್ಜೀದು. ಯಾತಕ್ಕ ಅಂತ ಗೊತ್ತಿರಲಿಲ್ಲ. ಗಟ್ಟಿ ಐತಿ ಅಂತ ಅಗಳಿ ಮಾಡಿದ್ವಿ."

ಒಂದು ಮೊಳಕ್ಕೆ ಸ್ವಲ್ಪ ಕಡಿಮೆ, ನಡುವೆ ದಪ್ಪ, ಎರಡೂ ತುದಿಗೆ ಸಣ್ಣ. ನಡುವಿನ ಭಾಗ ನುಣುಪಾಗಿದೆ. ಕೊಟ್ಟಿಗೆಗೆ ಬೇರೆ ಅಗಳಿ ಮಾಡಿಸಿಕೊಟ್ಟು ಅದನ್ನು ಪುಣೆಗೆ ತಂದಿದ್ದೇನೆ. ಮುಂದಿನ ಸಭೆಗೆ ಹಿಡಿದುಕೊಂಡು ಬರುತ್ತೇನೆ.